ನಾಲ್ಕು ವರ್ಷದ ಮಗುವನ್ನು ಶಾಲೆಯಿಂದ ಕಳಿಸಿಬಿಡುವ ಮೊದಲು

ಮೂರು, ನಾಲ್ಕು ವರ್ಷದ ಮಕ್ಕಳನ್ನೂ ಶಾಲೆಯಿಂದ ತೆಗೆದುಹಾಕುತ್ತಾರೆ ಅಂದರೆ ತುಂಬಾ ಜನ ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಹೊಡೆದಾಡಿದ ಹುಡುಗನನ್ನು ಹೊರಹಾಕಿದರು ಅಂದರೆ ಒಪ್ಪಬಹುದು. ಇನ್ನೂ ಬೂಟಿನ ಲೇಸ್ ಕಟ್ಟಿಕೊಳ್ಳಲು ಬಾರದ ಮಗುವನ್ನು? ಆದರೆ ಇದು ನಡೆಯುತ್ತದೆ, ದೊಡ್ಡ ಮಕ್ಕಳಿಗಿಂತ ಜಾಸ್ತಿಯೇ ನಡೆಯುತ್ತದೆ. ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಗಿಲಿಯಮ್ ಅಮೆರಿಕದ 40 ರಾಜ್ಯಗಳ ಸರ್ಕಾರಿ ಪ್ರೀಸ್ಕೂಲ್ ತರಗತಿಗಳ ಲೆಕ್ಕ ತೆಗೆದು 2005ರಲ್ಲಿ ಪ್ರಕಟಿಸಿದರು. ಪ್ರತಿ 1,000 ಮಕ್ಕಳಿಗೆ 6.67 ಮಕ್ಕಳನ್ನು ಹೊರಹಾಕಿದ್ದರು. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳಲ್ಲಿ ಇರುವ ದರಕ್ಕೆ ಹೋಲಿಸಿದರೆ ಇದು ಮೂರು ಪಟ್ಟಿಗೂ ಜಾಸ್ತಿ. ಹುಡುಗಿಯರಿಗಿಂತ ಹುಡುಗರನ್ನು ಹೊರಹಾಕಿದ್ದು ನಾಲ್ಕೂವರೆ ಪಟ್ಟು ಹೆಚ್ಚು.

ಇಷ್ಟಕ್ಕೂ ಈ ಮಕ್ಕಳು ಮಾಡುವುದೇನು? ಕಚ್ಚುತ್ತಾರೆ, ಹೊಡೆಯುತ್ತಾರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ, ನೆಲಕ್ಕೆ ಬಿದ್ದು ರಚ್ಚೆ ಹಿಡಿಯುತ್ತಾರೆ, ಬಾಗಿಲು ತೆರೆದಿದ್ದರೆ ಓಡಿಹೋಗುತ್ತಾರೆ. ಆ ವಯಸ್ಸಿನ ಮಕ್ಕಳು ಇದನ್ನೆಲ್ಲ ಮಾಡುವವರೇ. ಕೆಲವರು ಮಾತ್ರ ದಿನಾ ಮಾಡುತ್ತಾರೆ, ಬೇರೆ ಮಕ್ಕಳಿಗೆ ಪೆಟ್ಟಾಗುವ ಹಾಗೆ ಮಾಡುತ್ತಾರೆ, ಮತ್ತು ಅಂಥ ಹೊತ್ತಿನಲ್ಲಿ ಒಂದು ಕೋಣೆ ತುಂಬಾ ಪುಟ್ಟ ಮಕ್ಕಳನ್ನು ಇಟ್ಟುಕೊಂಡಿರುವ ಟೀಚರ್ ಏನು ಮಾಡಬೇಕು ಅನ್ನುವುದು ನಿಜವಾದ ಪ್ರಶ್ನೆ. ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು, ಅದರ ಬಗ್ಗೆ ಮಾತು ಕಡಿಮೆ. ಮಕ್ಕಳ ಮನಸ್ಸು, ವರ್ತನೆ ಬಗ್ಗೆ ತಿಳಿದವರೊಬ್ಬರು ತರಗತಿಗೇ ಬಂದು, ಟೀಚರ್ ಜೊತೆ ಸೇರಿ ದಾರಿ ಹುಡುಕುವ ವ್ಯವಸ್ಥೆ ಇದ್ದ ಕಡೆ ಮಕ್ಕಳನ್ನು ಹೊರಹಾಕುವುದು ಕಡಿಮೆ ಇತ್ತು.

ಈ ಕೆಲಸವನ್ನು ಮನಶ್ಶಾಸ್ತ್ರಜ್ಞರೂ ಮಾಡುತ್ತಾರೆ, ಮನೆಗೂ ಶಾಲೆಗೂ ಕೊಂಡಿಯಾಗಿರುವ ಶಾಲಾ ಸೋಶಿಯಲ್ ವರ್ಕರ್‌ಗಳೂ ಮಾಡುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಎರಡನೆಯವರ ಬಗ್ಗೆ. ಪ್ರೀಸ್ಕೂಲ್ ವಯಸ್ಸಿನಲ್ಲಿ ಸೋಶಿಯಲ್ ವರ್ಕರ್ ಕೆಲಸ ಮಗುವನ್ನು ಸರಿಮಾಡುವುದಲ್ಲ, ಮಗುವಿನ ಸುತ್ತ ಇರುವ ದೊಡ್ಡವರ ಜೊತೆ ಕೆಲಸ ಮಾಡುವುದು. ಮುಕ್ಕಾಲು ಪಾಲು ಕೆಲಸ ನಡೆಯುವುದು ಅಪ್ಪ, ಅಮ್ಮ, ಅಜ್ಜಿ, ಟೀಚರ್, ಆಯಾ ಇವರ ಜೊತೆ. ಇದನ್ನು ಅರ್ಥ ಮಾಡಿಕೊಳ್ಳದ ಶಾಲೆಗಳು ಎಲ್ಲ ಮುಗಿದ ಮೇಲೆ ಅವರನ್ನು ಕರೆಯುತ್ತವೆ. ಮಗು ಹತ್ತು ಸಲ ಕಚ್ಚಿ, ಬೇರೆ ಮಕ್ಕಳ ಪೋಷಕರು ಬಂದು ಜಗಳವಾಡಿ, ಪ್ರಿನ್ಸಿಪಾಲ್ ಮನಸ್ಸಿನಲ್ಲೇ ತೀರ್ಮಾನ ಮಾಡಿಯಾದ ಮೇಲೆ. ಆಗ ಅವರ ಕೈಯಲ್ಲಿ ಉಳಿದಿರುವುದು ಕಾಗದಪತ್ರದ ಕೆಲಸ ಮಾತ್ರ.

ಈ ವೃತ್ತಿ ಶುರುವಾದದ್ದು ಹಾಗಲ್ಲ. 1906–07ರ ಸುಮಾರಿಗೆ ನ್ಯೂಯಾರ್ಕ್, ಬೋಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ ‘ವಿಸಿಟಿಂಗ್ ಟೀಚರ್’ ಅಂತ ಕೆಲವರನ್ನು ನೇಮಿಸಿದರು. ಪಾಠ ಮಾಡುವುದು ಅವರ ಕೆಲಸವಲ್ಲ. ಮನೆಗೂ ಶಾಲೆಗೂ ನಡುವೆ ಓಡಾಡುವುದು ಅವರ ಕೆಲಸ. ವಲಸೆ ಬಂದ ಕುಟುಂಬಗಳ ಮಕ್ಕಳು ಯಾಕೆ ಶಾಲೆಗೆ ಬರುತ್ತಿಲ್ಲ, ಬಂದರೂ ಯಾಕೆ ಕಲಿಯುತ್ತಿಲ್ಲ, ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನೋಡಿಕೊಂಡು ಬಂದು ಟೀಚರ್‌ಗೆ ಹೇಳುವುದು, ಟೀಚರ್ ಏನು ಬಯಸುತ್ತಾರೆ ಅಂತ ಮನೆಯವರಿಗೆ ಅವರ ಮಾತಿನಲ್ಲೇ ತಿಳಿಸುವುದು. ಮೊದಲಿಗೆ ಖಾಸಗಿ ಸಂಸ್ಥೆಗಳು ಇದಕ್ಕೆ ಹಣ ಕೊಡುತ್ತಿದ್ದವು. 1913ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಶಿಕ್ಷಣ ಮಂಡಳಿ ತನ್ನದೇ ಹಣದಲ್ಲಿ ಇಂಥವರನ್ನು ಇಟ್ಟುಕೊಂಡಿತು. ಅಂದರೆ ಹುಟ್ಟಿದಾಗಿನಿಂದಲೂ ಇದು ಹೊಸ್ತಿಲು ದಾಟುವ ಕೆಲಸ, ಕೋಣೆಯಲ್ಲಿ ಕೂತು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸುವ ಕೆಲಸ ಅಲ್ಲ.

ಪುಟ್ಟ ಮಕ್ಕಳು ಈ ಚಿತ್ರದೊಳಗೆ ಬಂದದ್ದು ತಡವಾಗಿ. 1965ರಲ್ಲಿ ಬಡ ಕುಟುಂಬಗಳ ಮಕ್ಕಳಿಗಾಗಿ ಅಮೆರಿಕ ಸರ್ಕಾರದ ಹೆಡ್ ಸ್ಟಾರ್ಟ್ ಯೋಜನೆ ಶುರುವಾದಾಗ ಮಗುವಿನ ಜೊತೆಗೆ ಮನೆಯವರಿಗೂ ನೆರವು ಕೊಡಬೇಕು ಅನ್ನುವ ಯೋಚನೆ ಅದರೊಳಗೇ ಇತ್ತು. ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣದ ಕಾನೂನನ್ನು 1986ರಲ್ಲಿ ತಿದ್ದಿ ಮೂರರಿಂದ ಐದು ವರ್ಷದವರನ್ನೂ ಪೂರ್ತಿಯಾಗಿ ಅದರೊಳಗೆ ತಂದರು. ಆ ಕಾನೂನಿನ ಇವತ್ತಿನ ನಿಯಮಗಳಲ್ಲಿ ಶಾಲಾ ಸೋಶಿಯಲ್ ವರ್ಕರ್ ಏನೇನು ಮಾಡಬೇಕು ಅಂತ ಬರೆದಿದೆ. ಮಗು ಬೆಳೆದು ಬಂದ ಹಿನ್ನೆಲೆಯನ್ನು ಬರೆದು ಕೊಡುವುದು, ಮಗುವಿಗೂ ಮನೆಯವರಿಗೂ ಕೌನ್ಸೆಲಿಂಗ್ ಮಾಡುವುದು, ಮನೆಯಲ್ಲೋ ಶಾಲೆಯಲ್ಲೋ ಊರಿನಲ್ಲೋ ಮಗುವಿಗೆ ಅಡ್ಡಿಯಾಗಿರುವ ತೊಂದರೆಗಳ ಬಗ್ಗೆ ಪೋಷಕರ ಜೊತೆ ಸೇರಿ ಕೆಲಸ ಮಾಡುವುದು, ಹೊರಗಿನ ನೆರವನ್ನು ಮಗುವಿಗೆ ತಲುಪಿಸುವುದು, ವರ್ತನೆ ಸುಧಾರಿಸುವ ಯೋಜನೆ ಮಾಡುವಾಗ ಕೈಜೋಡಿಸುವುದು. ಗಮನಿಸಿ, ಈ ಐದರಲ್ಲಿ ಮಗುವನ್ನು ಎದುರು ಕೂರಿಸಿಕೊಂಡು ಮಾತಾಡುವ ಕೆಲಸ ಒಂದೇ, ಅದರಲ್ಲೂ ಮನೆಯವರು ಇದ್ದಾರೆ.

ಹೈಸ್ಕೂಲಿನ ಹುಡುಗಿ ಬೇಜಾರಾದರೆ ‘ನನಗೆ ಹೀಗಾಗುತ್ತಿದೆ’ ಅಂತ ಯಾರಿಗಾದರೂ ಹೇಳಬಹುದು, ಗೆಳತಿಗಾದರೂ ಹೇಳುತ್ತಾಳೆ. ನಾಲ್ಕು ವರ್ಷದ ಮಗುವಿಗೆ ಆ ಮಾತು ಇನ್ನೂ ಬಂದಿಲ್ಲ. ಹೊಟ್ಟೆ ನೋವಿಗೂ ಅದೇ ಅಳು, ಅಮ್ಮ ಮನೆ ಬಿಟ್ಟು ಹೋಗಿದ್ದಕ್ಕೂ ಅದೇ ಅಳು. ಹಾಗಾಗಿ ಪ್ರೀಸ್ಕೂಲಿನ ಸೋಶಿಯಲ್ ವರ್ಕರ್ ಮೊದಲು ಮಾಡುವುದು ನೋಡುವ ಕೆಲಸ. ತರಗತಿಯ ಒಂದು ಮೂಲೆಯಲ್ಲಿ ಕೂತು, ಟೀಚರ್ ಕೆಲಸಕ್ಕೆ ಅಡ್ಡ ಬಾರದೆ, ಬರೀ ನೋಡುವುದು.

ಒಂದು ಮಗು ಬೇರೆ ಮಕ್ಕಳನ್ನು ಹೊಡೆಯುತ್ತದೆ ಅಂತ ದೂರು ಬಂದಿದೆ ಅಂದುಕೊಳ್ಳಿ. ದೂರಿನಲ್ಲಿ ‘ಸುಮ್ನೆ ಸುಮ್ನೆ ಹೊಡೆಯುತ್ತಾನೆ, ಕಾರಣವೇ ಇಲ್ಲ’ ಅಂತ ಇರುತ್ತದೆ, ಯಾವಾಗಲೂ ಹಾಗೇ ಇರುತ್ತದೆ. ಆದರೆ ಕೂತು ನೋಡಿದರೆ ಲೆಕ್ಕ ಸಿಗುತ್ತದೆ. ದಿನದ ಯಾವ ಹೊತ್ತು? ಆಟದಿಂದ ಊಟಕ್ಕೆ, ಊಟದಿಂದ ನಿದ್ದೆಗೆ ಹೋಗುವಾಗಲೇ ಜಾಸ್ತಿಯಾ? ಹೊಡೆಯುವುದಕ್ಕೆ ಅರ್ಧ ನಿಮಿಷ ಮೊದಲು ಏನಾಯಿತು? ಹೊಡೆದ ಮೇಲೆ ಏನಾಯಿತು, ಟೀಚರ್ ಓಡಿ ಬಂದರಾ, ಮಗುವನ್ನು ಬೇರೆ ಕಡೆ ಕೂರಿಸಿದರಾ? ಗದ್ದಲ ತಡೆಯಲಾಗದ ಮಗುವಿಗೆ ಬೇರೆ ಕಡೆ ಕೂರಿಸುವುದೇ ಬೇಕಾಗಿರಬಹುದು. ಆಗ ಹೊಡೆದರೆ ಇಲ್ಲಿಂದ ತಪ್ಪಿಸಿಕೊಳ್ಳಬಹುದು ಅಂತ ಮಗು ಕಲಿತುಬಿಡುತ್ತದೆ. ಮಗುವಿನ ಮಟ್ಟಿಗೆ ಅದು ಸರಿಯಾದ ಪಾಠವೇ, ನಾವೇ ಕಲಿಸಿದ್ದು.

ಆಮೇಲೆ ಮೈಯ ವಿಷಯ. ಇದನ್ನು ತುಂಬಾ ಜನ ಮರೆಯುತ್ತಾರೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುವ ಮಗುವಿಗೆ, ಹಗಲೂ ಮಲಗದಿದ್ದರೆ, ದಿನಾ ಕನಿಷ್ಠ ಮೂರು ಗಂಟೆ ನಿದ್ದೆ ಕಡಿಮೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಪುಟ್ಟ ಮಕ್ಕಳು ಎಷ್ಟೋ ಸಲ ಇನ್ನೂ ಜೋರಾಗಿ ಕುಣಿಯುತ್ತಾರೆ. ಕಿವಿಯೊಳಗೆ ನೀರು ತುಂಬಿಕೊಳ್ಳುವ ತೊಂದರೆ ಈ ವಯಸ್ಸಿನಲ್ಲಿ ಬಹಳ ಸಾಮಾನ್ಯ. ಒಂದು ವಾರ ಸರಿಯಾಗಿ ಕೇಳಿಸುತ್ತದೆ, ಇನ್ನೊಂದು ವಾರ ಮಂದ. ಹಾಗಾಗಿ ‘ಅವನಿಗೆ ಎಲ್ಲ ಕೇಳಿಸುತ್ತದೆ, ಬೇಕೆಂದೇ ಮಾಡುತ್ತಾನೆ’ ಅನ್ನುವ ತೀರ್ಮಾನಕ್ಕೆ ಟೀಚರ್ ಬರುವುದು ಸಹಜ. ಮಗುವಿನ ವರ್ತನೆ ಬಗ್ಗೆ ಯಾವ ಯೋಜನೆ ಮಾಡುವ ಮೊದಲೂ ಕಿವಿ, ಕಣ್ಣು ಪರೀಕ್ಷೆ ಮಾಡಿಸಿ ಅಂತ ಕೇಳುವ ಸೋಶಿಯಲ್ ವರ್ಕರ್ ತನ್ನ ಕೆಲಸ ಬಲ್ಲವರು.

ಇನ್ನು ಮನೆ. ಹೊಸ ಪಾಪು ಬಂದಿರಬಹುದು. ಅಪ್ಪನ ಕೆಲಸ ಹೋಗಿರಬಹುದು. ಬಾಡಿಗೆ ಕಟ್ಟಲಾಗದೆ ನೆಂಟರ ಮನೆಯ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುತ್ತಿರಬಹುದು. ಅಮ್ಮನಿಗೆ ಹೆರಿಗೆಯ ನಂತರದ ಖಿನ್ನತೆ ಇರಬಹುದು, ಅದನ್ನು ಯಾರೂ ಗುರುತಿಸಿಯೇ ಇರಲಿಕ್ಕಿಲ್ಲ. ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿರಬಹುದು. ತರಗತಿಯಲ್ಲಿ ಕಾಣುವುದು ಒಂದೇ, ಮಗು ಹೊಡೆಯಿತು. ಕಾರಣ ನಾಲ್ಕು ಮನೆಯಲ್ಲಿ ನಾಲ್ಕು ತರ, ಹಾಗಾಗಿ ನಾಲ್ಕೂ ಮಕ್ಕಳಿಗೆ ಒಂದೇ ಮದ್ದು ಕೊಟ್ಟರೆ ಮೂವರಿಗೆ ತಪ್ಪು ಮದ್ದು. ನಿದ್ದೆಗೆಟ್ಟ ಮಗುವಿಗೆ, ಒಳ್ಳೆಯ ವರ್ತನೆಗೊಂದು ಸ್ಟಿಕ್ಕರ್ ಅಂತ ಚಾರ್ಟ್ ಅಂಟಿಸಿ ಏನು ಪ್ರಯೋಜನ?

ಸದ್ದು ಮಾಡುವ ಮಗುವಿನ ಬಗ್ಗೆ ದೂರಾದರೂ ಬರುತ್ತದೆ. ಸದ್ದೇ ಮಾಡದ ಮಗುವನ್ನು ಯಾರೂ ಕಳಿಸಿಕೊಡುವುದಿಲ್ಲ. ಮನೆಯಲ್ಲಿ ಪಟಪಟ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಮಾತೂ ಆಡದಿರುವುದು ಉಂಟು. ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಹಟ ಅಲ್ಲ, ಆತಂಕ. ಸಾಮಾನ್ಯವಾಗಿ ಐದು ವರ್ಷಕ್ಕೆ ಮೊದಲೇ ಶುರುವಾಗುತ್ತದೆ. ಶಾಲೆಗೆ ಸೇರಿದ ಮೊದಲ ತಿಂಗಳ ಮೌನವನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ರೋಗನಿರ್ಣಯದ ನಿಯಮವೇ ಹೇಳುತ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಇದ್ದರೆ ಮಗು ಕೆಲವು ಕಾಲ ಕೇಳುತ್ತಾ ಸುಮ್ಮನಿರುವುದೂ ಸಹಜ, ಅದು ಕಾಯಿಲೆ ಅಲ್ಲ. ಇವೆರಡನ್ನು ಬೇರ್ಪಡಿಸಬೇಕಾದರೆ ಮಗು ಮನೆಯಲ್ಲಿ ಹೇಗಿರುತ್ತದೆ ಅಂತ ಗೊತ್ತಿರಬೇಕು. ಟೀಚರ್‌ಗೆ ಅದು ಗೊತ್ತಾಗುವ ದಾರಿ ಕಡಿಮೆ, ಮನೆಯವರಿಗೆ ಶಾಲೆಯಲ್ಲಿನ ಮೌನ ಗೊತ್ತಿಲ್ಲ. ಎರಡೂ ಕಡೆ ನೋಡಿದವರು ಒಬ್ಬರು ಬೇಕು, ಅಲ್ವಾ? ನನ್ನನ್ನು ಕೇಳಿದರೆ ಒಳ್ಳೆಯ ಸೋಶಿಯಲ್ ವರ್ಕರ್ ಯಾರು ಅಂತ ಗುರುತಿಸುವುದು ಇಲ್ಲೇ. ಯಾರೂ ದೂರು ಕೊಡದ ಮಗುವನ್ನೂ ಅವರು ಗಮನಿಸಿರುತ್ತಾರೆ.

ಮನೆಗೆ ಹೋಗುವುದು

ಪ್ರೀಸ್ಕೂಲ್ ಶಿಕ್ಷಣದಿಂದ ಲಾಭ ಇದೆ ಅಂತ ವಾದಿಸುವವರೆಲ್ಲ ಪೆರ್ರಿ ಪ್ರೀಸ್ಕೂಲ್ ಉದಾಹರಣೆ ಕೊಡುತ್ತಾರೆ. ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪ್ರಯೋಗ, ಒಟ್ಟು 123 ಮಕ್ಕಳು, ಅವರಲ್ಲಿ 58 ಮಕ್ಕಳಿಗೆ ಪ್ರೀಸ್ಕೂಲ್ ಸಿಕ್ಕಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಎಷ್ಟು ಓದಿದರು, ಎಷ್ಟು ದುಡಿದರು ಅಂತೆಲ್ಲ ದಶಕಗಟ್ಟಲೆ ಲೆಕ್ಕ ಇಟ್ಟರು. ಹಾಕಿದ ಒಂದು ಡಾಲರಿಗೆ ಎಷ್ಟು ಡಾಲರ್ ವಾಪಸ್ ಬಂತು ಅನ್ನುವ ಮಾತು ಸರ್ಕಾರಗಳಿಗೆ ಇಷ್ಟ. ಆದರೆ ಆ ಟೀಚರ್‌ಗಳು ಪ್ರತಿ ವಾರ ಪ್ರತಿ ಮಗುವಿನ ಮನೆಗೆ ಹೋಗಿ ಸುಮಾರು ಒಂದೂವರೆ ಗಂಟೆ ಕೂತು ಬರುತ್ತಿದ್ದರು ಅನ್ನುವುದು ಆ ಮಾತಿನಲ್ಲಿ ಬಿಟ್ಟುಹೋಗುತ್ತದೆ. ಪೆರ್ರಿ ಹೆಸರು ಹೇಳಿಕೊಂಡು ಹೊಸ ತರಗತಿ ತೆರೆಯುತ್ತಾರೆ, ಕುರ್ಚಿ ಮೇಜು ಆಟಿಕೆ ಎಲ್ಲ ಬರುತ್ತದೆ, ಮನೆಗೆ ಹೋಗುವವರಿಗೆ ಮಾತ್ರ ಹಣ ಇರುವುದಿಲ್ಲ. ಅರ್ಧ ಪ್ರಯೋಗವನ್ನು ನಕಲು ಮಾಡಿ ಪೂರ್ತಿ ಫಲ ಕೇಳಿದ ಹಾಗೆ ಇದು.

ಮನೆಗೆ ಹೋಗುವ ರೀತಿಯೂ ಮುಖ್ಯ. ಅಧಿಕಾರಿ ತಪಾಸಣೆಗೆ ಬಂದ ಹಾಗೆ ಹೋದರೆ ಬಾಗಿಲು ತೆರೆಯುತ್ತದೆ, ಬಾಯಿ ತೆರೆಯುವುದಿಲ್ಲ. ಅನುಭವ ಇರುವವರು ಮೊದಲ ಭೇಟಿಗೆ ದೂರನ್ನು ಹೊತ್ತುಕೊಂಡು ಹೋಗುವುದಿಲ್ಲ. ಮಗುವಿಗೆ ಏನು ಇಷ್ಟ, ಏನು ಮಾಡಿದರೆ ಸಮಾಧಾನ ಆಗುತ್ತದೆ, ನಿದ್ದೆ ಹೇಗೆ, ಯಾರ ಜೊತೆ ಹೊಂದಿಕೊಂಡಿದೆ ಅಂತ ಕೇಳುತ್ತಾರೆ. ಇದರಲ್ಲಿ ಮರ್ಯಾದೆ ಇದೆ. ಈ ಮಗುವಿನ ಬಗ್ಗೆ ನಿಮಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗೆ. ಎಷ್ಟೋ ಅಪ್ಪ ಅಮ್ಮಂದಿರಿಗೆ ಶಾಲೆ ಅಂದರೆ ತಾವು ಚಿಕ್ಕವರಿದ್ದಾಗ ಬೈಸಿಕೊಂಡ ಜಾಗ. ಮಗುವಿನ ಪ್ರೀಸ್ಕೂಲ್ ಅವರಿಗೆ ಶಾಲೆಯ ಜೊತೆ ಎರಡನೇ ಸಲದ ಪರಿಚಯ. ಮೊದಲ ಮೂರು ಫೋನುಗಳೂ ದೂರಿನವೇ ಆದರೆ ನಾಲ್ಕನೆಯದನ್ನು ಅವರು ಎತ್ತುವುದಿಲ್ಲ, ಮುಂದಿನ ಹತ್ತು ಹನ್ನೆರಡು ವರ್ಷ ಶಾಲೆ ಅಂದರೆ ದೂರವೇ ಇರುತ್ತಾರೆ.

ಒಂದು ಕಷ್ಟವಾದ ವಿಷಯ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ, ಮಗುವನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಅಂತ ಅನುಮಾನ ಬಂದರೆ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಲೇಬೇಕು ಅಂತ ಬಹಳಷ್ಟು ದೇಶಗಳ ಕಾನೂನು ಹೇಳುತ್ತದೆ. ಆಗ ನಂಬಿ ಬಾಗಿಲು ತೆರೆದ ಮನೆಯವರ ಬಗ್ಗೆಯೇ ವರದಿ ಕೊಡಬೇಕಾಗುತ್ತದೆ. ಇದಕ್ಕೆ ಸುಲಭದ ದಾರಿ ಇಲ್ಲ. ಇರುವ ಪ್ರಾಮಾಣಿಕ ದಾರಿ ಅಂದರೆ ಮೊದಲ ದಿನವೇ ಹೇಳಿಬಿಡುವುದು. ನೀವು ಹೇಳಿದ್ದನ್ನು ಗುಟ್ಟಾಗಿಡುತ್ತೇನೆ, ಆದರೆ ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಗುಟ್ಟಾಗಿಡಲು ಆಗುವುದಿಲ್ಲ ಅಂತ. ಇದನ್ನು ಕೇಳಿ ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ, ಆಮೇಲೆ ಮೋಸವಾಯಿತು ಅನ್ನಿಸುವುದಕ್ಕಿಂತ ಅದೇ ಮೇಲು. ಬಡತನವನ್ನೂ ನಿರ್ಲಕ್ಷ್ಯವನ್ನೂ ಒಂದೇ ಅಂದುಕೊಳ್ಳದಿರುವುದು ಇಲ್ಲಿ ಬಹಳ ಮುಖ್ಯ. ಚಳಿಗಾಲದಲ್ಲಿ ಸ್ವೆಟರ್ ಇಲ್ಲದೆ ಬಂದ ಮಗುವಿಗೆ ಮೊದಲು ಬೇಕಾದದ್ದು ಸ್ವೆಟರ್, ವರದಿ ಅಲ್ಲ. ಪ್ರೀಸ್ಕೂಲ್ ಮಗು ತನ್ನ ಪರವಾಗಿ ಮಾತಾಡಲಾರದು, ಹಾಗಾಗಿ ಇಲ್ಲಿ ಎರಡೂ ಕಡೆಯ ತಪ್ಪಿಗೆ ಬೆಲೆ ದೊಡ್ಡದು. ಹೇಳಬೇಕಾದಾಗ ಹೇಳದಿದ್ದರೂ ಮಗು ನರಳುತ್ತದೆ, ಹೇಳಬಾರದ ಕಡೆ ಹೇಳಿದರೂ ಮಗು ನರಳುತ್ತದೆ.

ಯಾರನ್ನು ನೋಡುತ್ತೇವೆ, ಏನನ್ನು ಹೇಳುತ್ತೇವೆ

2016ರಲ್ಲಿ ಗಿಲಿಯಮ್ ಮತ್ತು ಅವರ ಜೊತೆಗಾರರು ಇನ್ನೊಂದು ಅಧ್ಯಯನ ಮಾಡಿದರು. ಪ್ರೀಸ್ಕೂಲ್ ಟೀಚರ್‌ಗಳಿಗೆ ನಾಲ್ಕು ಮಕ್ಕಳು ಆಡುವ ವಿಡಿಯೋ ತೋರಿಸಿ, ಕೆಟ್ಟ ವರ್ತನೆ ಕಾಣಿಸಿದರೆ ಗುರುತಿಸಿ ಅಂದರು. ಮಕ್ಕಳಲ್ಲಿ ಒಬ್ಬ ಕಪ್ಪು ಹುಡುಗ, ಒಬ್ಬ ಕಪ್ಪು ಹುಡುಗಿ, ಒಬ್ಬ ಬಿಳಿ ಹುಡುಗ, ಒಬ್ಬ ಬಿಳಿ ಹುಡುಗಿ. ವಿಡಿಯೋದಲ್ಲಿ ಕೆಟ್ಟ ವರ್ತನೆ ಇರಲೇ ಇಲ್ಲ. ಆದರೆ ಕಣ್ಣು ಎತ್ತ ಹೋಗುತ್ತದೆ ಅಂತ ಅಳೆಯುವ ಯಂತ್ರ ತೋರಿಸಿದ್ದು ಏನೆಂದರೆ, ತಪ್ಪು ಹುಡುಕಲು ಹೊರಟ ಕಣ್ಣುಗಳು ಕಪ್ಪು ಮಕ್ಕಳ ಮೇಲೆ, ಅದರಲ್ಲೂ ಕಪ್ಪು ಹುಡುಗನ ಮೇಲೆ ಜಾಸ್ತಿ ಹೊತ್ತು ನಿಂತಿದ್ದವು. 2013–14ರ ಅಮೆರಿಕ ಸರ್ಕಾರದ್ದೇ ಲೆಕ್ಕದ ಪ್ರಕಾರ ಸರ್ಕಾರಿ ಪ್ರೀಸ್ಕೂಲಿನ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ. 19. ಸಸ್ಪೆಂಡ್ ಆದ ಮಕ್ಕಳಲ್ಲಿ ಅವರು ಶೇ. 47. ಯಾವ ದೇಶದಲ್ಲೇ ಆಗಲಿ, ಯಾವ ಗುಂಪಿನ ಮಕ್ಕಳಿಂದ ತರಲೆ ನಿರೀಕ್ಷಿಸುತ್ತೇವೋ ಅವರ ಮೇಲೇ ಕಣ್ಣು ಇರುತ್ತದೆ, ಕಣ್ಣು ಇದ್ದ ಕಡೆ ತರಲೆ ಸಿಗುತ್ತದೆ.

ಇದೇ ಅಧ್ಯಯನದ ಇನ್ನೊಂದು ಭಾಗ ಸೋಶಿಯಲ್ ವರ್ಕರ್‌ಗಳು ಓದಲೇಬೇಕಾದದ್ದು. ತರಲೆ ಮಾಡುವ ಒಂದು ಮಗುವಿನ ವಿವರ ಕೊಟ್ಟು, ಕೆಲವು ಟೀಚರ್‌ಗಳಿಗೆ ಆ ಮಗುವಿನ ಮನೆಯ ಕಷ್ಟಗಳನ್ನೂ ತಿಳಿಸಿದರು. ಮನೆಯ ಕಷ್ಟ ಗೊತ್ತಾದರೆ ಕನಿಕರ ಹುಟ್ಟುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಟೀಚರ್ ಮತ್ತು ಮಗು ಒಂದೇ ಜನಾಂಗದವರಾಗಿದ್ದಾಗ ಹಾಗೇ ಆಯಿತು, ಮಗುವಿನ ವರ್ತನೆ ಅಷ್ಟೇನೂ ಗಂಭೀರ ಅಲ್ಲ ಅನ್ನಿಸಿತು. ಬೇರೆ ಬೇರೆ ಜನಾಂಗದವರಾಗಿದ್ದಾಗ ಉಲ್ಟಾ ಆಯಿತು. ಕಷ್ಟ ತಿಳಿದ ಮೇಲೆ ವರ್ತನೆ ಇನ್ನೂ ಗಂಭೀರವಾಗಿ ಕಂಡಿತು. ‘ಇಂಥ ಮನೆಯಿಂದ ಬಂದವನು, ಇವನನ್ನು ನಾವೇನು ಮಾಡಲು ಸಾಧ್ಯ’ ಅನ್ನುವ ಕೈಚೆಲ್ಲುವ ಭಾವ ಬಂದಿತೇನೋ ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಮನೆಯಲ್ಲಿ ನೋಡಿದ್ದನ್ನೆಲ್ಲ ಟೀಚರ್ ಮುಂದೆ ಸುರಿಯುವುದು ಸಹಾಯವಲ್ಲ. ಕುಟುಂಬದ ಗುಟ್ಟು ಕುಟುಂಬದ್ದೇ, ಅದು ಮೊದಲ ಮಾತು. ಟೀಚರ್‌ಗೆ ಬೇಕಾಗಿರುವುದು ಕಥೆ ಅಲ್ಲ, ಕೈಗೆ ಸಿಗುವಂಥ ಏನಾದರೂ. ‘ಅವರ ಅಪ್ಪ ಜೈಲಿನಲ್ಲಿದ್ದಾರೆ’ ಅನ್ನುವುದಕ್ಕಿಂತ ‘ಈ ಮಗುವಿಗೆ ಬಿಟ್ಟುಹೋಗುವುದು ಅಂದರೆ ಭಯ, ನೀವು ಕೋಣೆಯಿಂದ ಹೊರಗೆ ಹೋಗುವಾಗ ಹೇಳಿ ಹೋಗಿ, ಯಾವಾಗ ಬರುತ್ತೀರಿ ಅಂತಲೂ ಹೇಳಿ’ ಅನ್ನುವುದು ಎಷ್ಟೋ ಉಪಯೋಗ. ಅಪ್ಪನ ವಿಷಯ ಹೇಳಲೇಬೇಕಾದರೆ ಅಮ್ಮನ ಒಪ್ಪಿಗೆ ತೆಗೆದುಕೊಂಡು ಹೇಳಬೇಕು.

ಟೀಚರ್ ಜೊತೆಗಿನ ಕೆಲಸವೂ ಇದೇ ತರ ಸಣ್ಣ ಸಣ್ಣ ವಿಷಯಗಳದ್ದು. ಆಟ ಮುಗಿಯುವ ಐದು ನಿಮಿಷ ಮೊದಲೇ ಒಂದು ಸಲ ಹೇಳುವುದು. ದಿನದ ಕೆಲಸಗಳನ್ನು ಚಿತ್ರದಲ್ಲಿ ಗೋಡೆಗೆ ಹಾಕುವುದು. ಗದ್ದಲ ತಡೆಯದ ಮಗುವಿಗೆ ಶಿಕ್ಷೆಯ ಮೂಲೆಯ ಬದಲು ತಾನೇ ಹೋಗಿ ಕೂರಬಹುದಾದ ಒಂದು ಸುಮ್ಮನಿರುವ ಜಾಗ ಮಾಡುವುದು. ಸಿಟ್ಟು, ಬೇಜಾರು, ಭಯ ಅನ್ನುವುದಕ್ಕೆ ಮಾತು ಕಲಿಸುವುದು. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ ಅನ್ನಿಸಬಹುದು, ಎಷ್ಟೋ ಟೀಚರ್‌ಗಳಿಗೆ ಇದೆಲ್ಲ ಗೊತ್ತೂ ಇದೆ. ಆದರೆ ದಿನಾ ಬೆಳಿಗ್ಗೆಯಿಂದ ಹೊಡೆತ ತಡೆಯುತ್ತಾ ದಣಿದ ಟೀಚರ್‌ಗೆ ಗೊತ್ತಿದ್ದದ್ದೂ ನೆನಪಿಗೆ ಬರುವುದಿಲ್ಲ. ದಣಿದವರ ಪಕ್ಕ ಕೂತು, ತಪ್ಪು ಎತ್ತಿ ತೋರಿಸದೆ, ಇವತ್ತು ಯಾವ ಹೊತ್ತು ಚೆನ್ನಾಗಿತ್ತು ಅಂತ ಕೇಳುವವರು ಇದ್ದರೆ ಟೀಚರ್ ಉಳಿಯುತ್ತಾರೆ. ಟೀಚರ್ ಉಳಿದರೆ ಮಗುವೂ ಉಳಿಯುತ್ತದೆ.

ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಕ್ಕಳ ವಿಷಯದಲ್ಲಿ ಕಾನೂನು ಸ್ವಲ್ಪ ಸ್ಪಷ್ಟ. ಅಮೆರಿಕದಲ್ಲಿ ಮೂರು ವರ್ಷದವರೆಗೆ ಒಂದು ವ್ಯವಸ್ಥೆ, ಮೂರು ತುಂಬಿದ ಮೇಲೆ ಶಾಲೆಯ ವ್ಯವಸ್ಥೆ. ಶಾಲೆಯ ಸೇವೆಗೆ ಅರ್ಹವಾಗಬಹುದಾದ ಮಗುವಿಗೆ ಮೂರನೇ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮೊದಲು, ಮನೆಯವರು ಒಪ್ಪಿದರೆ, ಎಲ್ಲರೂ ಕೂತು ಮಾತಾಡಬೇಕು ಅಂತ ನಿಯಮ ಇದೆ. ಕಾಗದದ ಮೇಲೆ ಇದು ಫಾರಂಗಳ ಕೆಲಸ. ನಿಜದಲ್ಲಿ, ತಮ್ಮ ಮಗುವಿಗೆ ವಿಶೇಷ ಶಿಕ್ಷಣ ಬೇಕು ಅನ್ನುವ ಮಾತನ್ನು ಅಪ್ಪ ಅಮ್ಮ ಮೊದಲ ಸಲ ಹತ್ತು ಜನರ ಎದುರು ಕೇಳುವ ಹೊತ್ತು ಅದು. ಆ ಮೀಟಿಂಗಿಗೆ ಮುಂಚೆ ಒಂದು ಸಲ ಅವರನ್ನು ಭೇಟಿಯಾಗಿ, ಯಾರು ಯಾರು ಇರುತ್ತಾರೆ, ಏನು ಕೇಳುತ್ತಾರೆ, ಯಾವುದಕ್ಕೆ ಸಹಿ ಹಾಕದೆ ಸಮಯ ಕೇಳಬಹುದು ಅಂತ ತಿಳಿಸಿಕೊಡುವುದು ಸೋಶಿಯಲ್ ವರ್ಕರ್ ಮಾಡಬಹುದಾದ ಬಹಳ ದೊಡ್ಡ ಉಪಕಾರ. ಮನೆಯೇ ಇಲ್ಲದ ಕುಟುಂಬಗಳ ಮಕ್ಕಳಿಗೆ ನೆರವಾಗುವ 1987ರ ಮೆಕಿನ್ನಿ–ವೆಂಟೊ ಕಾಯ್ದೆಯೂ ಇದೆ. 2015ರ ತಿದ್ದುಪಡಿಯಾದ ಮೇಲೆ ಅಂಥ ಮಕ್ಕಳು ಊರಿನ ಯಾವ ಮೂಲೆಗೆ ಹೋದರೂ ಹಳೆಯ ಪ್ರೀಸ್ಕೂಲಿನಲ್ಲೇ ಮುಂದುವರಿಯುವ ಹಕ್ಕು ಅದರಲ್ಲಿ ಸೇರಿದೆ. ಇಂಥ ಹಕ್ಕು ಇದೆ ಅಂತ ಆ ಕುಟುಂಬಕ್ಕೆ ಯಾರಾದರೂ ಹೇಳಬೇಕಲ್ಲ.

ಹೊರಹಾಕಬಾರದು ಅಂತ ಬರೆದರೆ ಸಾಕೇ

ಈಗ ನಡೆಯುತ್ತಿರುವ ಚರ್ಚೆ ಇದು. ಹೆಡ್ ಸ್ಟಾರ್ಟ್ 2016ರ ನಿಯಮಗಳಲ್ಲಿ ವರ್ತನೆಯ ಕಾರಣಕ್ಕೆ ಮಗುವನ್ನು ಹೊರಹಾಕುವುದನ್ನು ನಿಷೇಧಿಸಿತು, ಸಸ್ಪೆಂಡ್ ಮಾಡುವುದಕ್ಕೂ ಕಟ್ಟುನಿಟ್ಟಿನ ಮಿತಿ ಹಾಕಿತು. ಇಲಿನಾಯ್ ರಾಜ್ಯದಲ್ಲಿ 2018ರಿಂದ ಇಂಥದೇ ಕಾನೂನು ಇದೆ. ನಾನು ಇದರ ಪರ. ಆದರೆ ಬಾಗಿಲು ಮುಚ್ಚುವಂತಿಲ್ಲ ಅಂತ ಹೇಳಿ, ಒಳಗೆ ಇರುವ ಟೀಚರ್‌ಗೆ ಇನ್ನೊಬ್ಬರ ನೆರವು ಕೊಡದಿದ್ದರೆ ಏನಾಗುತ್ತದೆ? ಬೇರೆ ದಾರಿಗಳು ಹುಟ್ಟಿಕೊಳ್ಳುತ್ತವೆ. ಬೆಳಿಗ್ಗೆ ಹತ್ತಕ್ಕೇ ಅಮ್ಮನಿಗೆ ಫೋನ್, ಬಂದು ಕರೆದುಕೊಂಡು ಹೋಗಿ ಅಂತ. ಆಮೇಲೆ ಸದ್ಯಕ್ಕೆ ಅರ್ಧ ದಿನ ಕಳಿಸಿ. ಆಮೇಲೆ ಮಗು ಇನ್ನೂ ಶಾಲೆಗೆ ತಯಾರಾಗಿಲ್ಲ ಅನ್ನಿಸುತ್ತದೆ, ಒಂದು ವರ್ಷ ಬಿಟ್ಟು ನೋಡೋಣವೇ? ದಿನಾ ಹೀಗೆ ಓಡಿ ಬರುವ ಅಮ್ಮ ಕೆಲಸ ಕಳೆದುಕೊಳ್ಳುತ್ತಾರೆ, ಕೊನೆಗೆ ತಾವೇ ಮಗುವನ್ನು ಬಿಡಿಸುತ್ತಾರೆ. ದಾಖಲೆಯಲ್ಲಿ ಇದು ಹೊರಹಾಕಿದ್ದು ಅಲ್ಲ, ಪೋಷಕರ ಇಚ್ಛೆ. ಪ್ರೀಸ್ಕೂಲ್ ಬಹಳಷ್ಟು ಕಡೆ ಕಡ್ಡಾಯ ಶಿಕ್ಷಣ ಅಲ್ಲದ ಕಾರಣ ಇದನ್ನು ಪ್ರಶ್ನಿಸುವವರೂ ಇಲ್ಲ. ಅಂಕಿಅಂಶದಲ್ಲಿ ಕಾಣುವ ಮಕ್ಕಳಿಗಿಂತ ಹೀಗೆ ಮೆಲ್ಲಗೆ ಜಾರಿಹೋಗುವ ಮಕ್ಕಳ ಬಗ್ಗೆ ನನಗೆ ಹೆಚ್ಚು ಚಿಂತೆ. ಬೇಗ ಕರೆದುಕೊಂಡು ಹೋಗಿ ಅಂತ ಮಾಡಿದ ಪ್ರತಿ ಫೋನನ್ನೂ ಬರೆದಿಡಬೇಕು, ಎರಡನೇ ಫೋನಿಗೇ ಸೋಶಿಯಲ್ ವರ್ಕರ್‌ಗೆ ವಿಷಯ ಹೋಗಬೇಕು. ಇದಕ್ಕೆ ಹೊಸ ಕಾನೂನೂ ಬೇಡ, ಒಂದು ನೋಟ್‌ಬುಕ್ ಸಾಕು.

ಸಂಖ್ಯೆಯ ಮಾತಿಗೆ ಬರೋಣ. ಅಮೆರಿಕದ ಸೋಶಿಯಲ್ ವರ್ಕರ್‌ಗಳ ಸಂಘಟನೆಗಳು 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತವೆ, ತೀರಾ ಹೆಚ್ಚು ನೆರವು ಬೇಕಾದ ಮಕ್ಕಳಿದ್ದರೆ 50ಕ್ಕೆ ಒಬ್ಬರು. ಫಿನ್‌ಲೆಂಡ್‌ನಲ್ಲಿ ಇದು ಶಿಫಾರಸು ಅಲ್ಲ, ಕಾನೂನು. ಒಬ್ಬರಿಗೆ ಹೆಚ್ಚೆಂದರೆ 670 ಮಕ್ಕಳು, ಶಾಲೆಗೆ ಮುಂಚಿನ ಒಂದು ವರ್ಷದ ತರಗತಿಯೂ ಅದರಲ್ಲಿ ಸೇರಿದೆ. ಆದರೆ ಪ್ರೀಸ್ಕೂಲಿನಲ್ಲಿ 250 ಮಕ್ಕಳು ಅಂದರೆ 250 ಮನೆಗಳು. ದಿನಕ್ಕೊಂದು ಮನೆಯಂತೆ ವರ್ಷಕ್ಕೆ ಒಂದು ಸಲ ಪ್ರತಿ ಮನೆಗೆ ಹೋಗುವುದಾದರೂ ಶಾಲೆ ನಡೆಯುವ ದಿನಗಳೇ ಸಾಲುವುದಿಲ್ಲ. ಹಾಗಾಗಿ ದೊಡ್ಡ ಮಕ್ಕಳ ಲೆಕ್ಕವನ್ನೇ ಪುಟ್ಟ ಮಕ್ಕಳಿಗೂ ಹಚ್ಚುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಈ ತಿಂಗಳು ಎಷ್ಟು ಮಕ್ಕಳಿಗೆ ಕೌನ್ಸೆಲಿಂಗ್ ಮಾಡಿದಿರಿ ಅಂತ ಕೇಳುವ ವರದಿ ನಮೂನೆಯೂ ಹಾಗೇ. ಅಮ್ಮನ ಜೊತೆ ಕಳೆದ ಒಂದು ಗಂಟೆ, ಟೀಚರ್ ಜೊತೆ ಕಳೆದ ಅರ್ಧ ಗಂಟೆ, ವೈದ್ಯರಿಗೆ ಮಾಡಿದ ಐದು ಫೋನು ಅದರಲ್ಲಿ ಎಲ್ಲೂ ಬರುವುದಿಲ್ಲ. ಲೆಕ್ಕದಲ್ಲಿ ಇಲ್ಲದ ಕೆಲಸಕ್ಕೆ ಹಣವೂ ಇರುವುದಿಲ್ಲ.

ಟೀಚರ್‌ಗಳು ಒಂದು ಆಕ್ಷೇಪ ಹೇಳುತ್ತಾರೆ. ವಾರಕ್ಕೊಮ್ಮೆ ಬಂದು ಸಲಹೆ ಕೊಡುವವರಿಗಿಂತ ದಿನಾ ತರಗತಿಯಲ್ಲಿ ಇನ್ನೊಬ್ಬ ಸಹಾಯಕಿ ಇದ್ದರೆ ನಮಗೆ ಜಾಸ್ತಿ ಉಪಕಾರ ಅಂತ. ಆ ಮಾತಿನಲ್ಲಿ ನ್ಯಾಯ ಇದೆ. ಕೈ ಸಾಲದ ಕೋಣೆಗೆ ಸಲಹೆ ಮಾತ್ರ ಕಳಿಸಿದರೆ ಅದು ಇನ್ನೊಂದು ಹೊರೆ. ಆದರೆ ಸಹಾಯಕಿ ಮಗುವಿನ ಮನೆಗೆ ಹೋಗುವುದಿಲ್ಲ, ಕಿವಿ ಪರೀಕ್ಷೆಗೆ ಸಮಯ ಗೊತ್ತು ಮಾಡುವುದಿಲ್ಲ, ಬಾಡಿಗೆ ನೆರವಿನ ಅರ್ಜಿ ತುಂಬಿಸುವುದಿಲ್ಲ. ಎರಡೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಡಿಯುವ ಆಡಳಿತದ ಮಾತಿಗೆ ಟೀಚರ್‌ಗಳೂ ಸೋಶಿಯಲ್ ವರ್ಕರ್‌ಗಳೂ ಒಟ್ಟಿಗೇ ಬೇಡ ಅನ್ನಬೇಕು.

ಮಗುವನ್ನು ಪ್ರೀಸ್ಕೂಲಿಗೆ ಸೇರಿಸುವಾಗ ಪೋಷಕರು ಆಟದ ಜಾಗ, ಶೌಚಾಲಯ, ಫೀಸು ಎಲ್ಲ ವಿಚಾರಿಸುತ್ತಾರೆ. ಜೊತೆಗೆ ಇದನ್ನೂ ಕೇಳಿ. ಇಲ್ಲಿ ಸೋಶಿಯಲ್ ವರ್ಕರ್ ಇದ್ದಾರಾ? ಎಷ್ಟು ಶಾಲೆಗಳಿಗೆ ಅವರೊಬ್ಬರೇ? ಏನೂ ತೊಂದರೆ ಇಲ್ಲದ ದಿನವೂ ತರಗತಿಗೆ ಬರುತ್ತಾರಾ, ಇಲ್ಲ ದೂರು ಬಂದಾಗ ಮಾತ್ರವಾ? ಟೀಚರ್ ಮೂಲಕ ಹೋಗದೆ ನಾನೇ ನೇರವಾಗಿ ಅವರಿಗೆ ಫೋನ್ ಮಾಡಬಹುದಾ? ಮಗುವನ್ನು ಬೇಗ ಕರೆದುಕೊಂಡು ಹೋಗಿ ಅಂತ ನೀವು ಹೇಳಿದರೆ ಅದನ್ನು ಎಲ್ಲಿ ಬರೆದಿಡುತ್ತೀರಿ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಶಾಲೆ ಸಿಕ್ಕರೆ ಅಲ್ಲೇ ಸೇರಿಸಿ. ಸೋಶಿಯಲ್ ವರ್ಕರೇ ಇಲ್ಲ ಅಂತ ಹೇಳಿದರೆ ಯಾಕೆ ಇಲ್ಲ ಅಂತ ಪೋಷಕರ ಸಭೆಯಲ್ಲಿ ಕೇಳಿ. ಕೇಳುವವರು ಹೆಚ್ಚಾದಾಗ ಮಾತ್ರ ಈ ಹುದ್ದೆಗೆ ಬಜೆಟ್‌ನಲ್ಲಿ ಒಂದು ಸಾಲು ಬರುತ್ತದೆ.